ಸೋರಿಕೆಯಲ್ಲ, ಹೂಳು: ಮೆಮೊರಿ ಲೀಕ್ ಹಿಡಿಯಲು ಯಾವ ಸಾಧನ?

"ವ್ಯಾಲ್‌ಗ್ರಿಂಡ್ ಹಾಕಲೋ, ಅಡ್ರೆಸ್ ಸ್ಯಾನಿಟೈಸರ್ ಹಾಕಲೋ, ಈಗ ಎಲ್ಲರ ಬಾಯಲ್ಲಿರುವ ಇಬಿಪಿಎಫ್ ಕಲಿಯಲೋ?" ಲಿನಕ್ಸ್‌ನಲ್ಲಿ ಸಿ, ಸಿ++ ಬರೆಯುವವರು ಈ ಪ್ರಶ್ನೆ ಕೇಳುವುದು ಬಹುಮಟ್ಟಿಗೆ ಸರ್ವರ್ ಮಲಗಿದ ಮರುದಿನ. ಉತ್ತರಕ್ಕೆ ಮೊದಲು ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಪ್ರೋಗ್ರಾಂ ಮೆಮೊರಿಯನ್ನು ಕಳೆದುಕೊಂಡಿದೆಯೋ, ಕೂಡಿಟ್ಟುಕೊಂಡಿದೆಯೋ? ಹೆಚ್ಚಿನವರಿಗೆ ಉತ್ತರ ಗೊತ್ತಿರುವುದಿಲ್ಲ. ಅದು ಗೊತ್ತಾದರೆ ಸಾಧನದ ಆಯ್ಕೆ ಅರ್ಧ ಮುಗಿದಂತೆ.

ಪ್ರೋಗ್ರಾಂ ಕೇಳಿ ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಉಳಿಸಿಕೊಳ್ಳುವುದಕ್ಕೆ ಮೆಮೊರಿ ಲೀಕ್ ಎನ್ನುತ್ತಾರೆ. ಆ ಹೆಸರೇ ದಾರಿ ತಪ್ಪಿಸುತ್ತದೆ. ಸೋರುವ ಕೆರೆಯಿಂದ ನೀರು ಹೊರಗೆ ಹೋಗುತ್ತದೆ. ಮೆಮೊರಿ ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಕುಳಿತು ಜಾಗ ತಿನ್ನುತ್ತದೆ, ಹೂಳಿನ ಹಾಗೆ. ಏರಿ ಗಟ್ಟಿಯಾಗಿರುತ್ತದೆ, ತೂಬು ಸರಿಯಾಗಿರುತ್ತದೆ, ಆದರೂ ಪ್ರತಿ ಮಳೆಗಾಲಕ್ಕೂ ಕೆರೆ ಹಿಡಿಯುವ ನೀರು ಕಡಿಮೆಯಾಗುತ್ತದೆ. ಒಂದು ಮಳೆ ತಂದ ಹೂಳು ಯಾರ ಕಣ್ಣಿಗೂ ಬೀಳುವುದಿಲ್ಲ. 1992ರ ನವೆಂಬರ್ 4ರಂದು ಲಂಡನ್ ಆಂಬುಲೆನ್ಸ್ ಸೇವೆಯ ಕಂಪ್ಯೂಟರ್ ವ್ಯವಸ್ಥೆ ನಿಂತುಹೋದದ್ದು ಹೀಗೆಯೇ. ಸುಮಾರು ಮೂರು ವಾರ ಹಿಂದೆ ಸೇರಿಕೊಂಡಿದ್ದ ಒಂದು ತುಣುಕು ಕೋಡ್, ಪ್ರತಿ ಬಾರಿ ವಾಹನವೊಂದನ್ನು ಕಳುಹಿಸಿದಾಗಲೂ ಫೈಲ್ ಸರ್ವರ್‌ನಲ್ಲಿ ಚೂರು ಮೆಮೊರಿ ಹಿಡಿದು ಬಿಡದೆ ಇಟ್ಟುಕೊಳ್ಳುತ್ತಿತ್ತು. ಮೂರು ವಾರಕ್ಕೆ ಕೆರೆ ತುಂಬಿತು. ಅರ್ಧ ಗಂಟೆಯ ಪರೀಕ್ಷೆಯಲ್ಲಿ ಇಂಥದ್ದು ಕಾಣುವ ಸಂಭವವೇ ಇಲ್ಲ.

ಹೂಳು ಮೂರು ಬಗೆಯದು

ಮೊದಲನೆಯದನ್ನು ಅನಾಥ ಮೆಮೊರಿ ಎನ್ನೋಣ. ಪ್ರೋಗ್ರಾಂ ಜಾಗ ಕೇಳಿ ಪಡೆಯಿತು; ಆ ಜಾಗದ ವಿಳಾಸ ಹಿಡಿದಿದ್ದ ಪಾಯಿಂಟರ್‌ನಲ್ಲಿ ಬೇರೆ ವಿಳಾಸ ಬಂದು ಕುಳಿತಿತು, ಅಥವಾ ಫಂಕ್ಷನ್ ಮುಗಿದು ಪಾಯಿಂಟರೇ ಇಲ್ಲವಾಯಿತು. ಇನ್ನು ಜಾಗವನ್ನು ಬಿಡುಗಡೆ ಮಾಡುವುದಿರಲಿ, ಅದು ಎಲ್ಲಿದೆ ಎಂದು ಹೇಳಬಲ್ಲವರೂ ಇಲ್ಲ. ಪಠ್ಯಪುಸ್ತಕಗಳು ಲೀಕ್ ಎಂದು ಹೇಳಿಕೊಡುವುದು ಇದನ್ನು ಮಾತ್ರ.

ಎರಡನೆಯದು ಅಟ್ಟ ಸೇರಿದ ಮೆಮೊರಿ. ಪಾಯಿಂಟರ್ ಇದೆ, ವಿಳಾಸ ಗೊತ್ತಿದೆ, ಆದರೆ ಅದನ್ನು ಮತ್ತೆ ಯಾರೂ ಕೇಳುವುದಿಲ್ಲ. ಮುಗಿದ ಸೆಷನ್‌ಗಳನ್ನು ತೆಗೆದುಹಾಕದ ಮ್ಯಾಪ್, ಮಿತಿ ಹಾಕದ ಕ್ಯಾಶ್, ದಿನದಿನವೂ ಉದ್ದವಾಗುವ ಕಾಲ್‌ಬ್ಯಾಕ್ ಪಟ್ಟಿ ಎಲ್ಲವೂ ಈ ಜಾತಿ. ಹಳೆಯ ಮನೆಯ ಅಟ್ಟದಲ್ಲಿರುವ ಹಂಡೆಗಳಿಗೆ ವಾರಸುದಾರರಿಲ್ಲ ಎನ್ನುವಂತಿಲ್ಲ, ಬಳಸುವವರಿಲ್ಲ, ಅಷ್ಟೆ.

ಮೂರನೆಯದು ಚೂರಾದ ಮೆಮೊರಿ. ಇದು ಲೀಕೇ ಅಲ್ಲ, ಲೀಕ್‌ನ ವೇಷ. ಪ್ರೋಗ್ರಾಂ ಎಲ್ಲವನ್ನೂ ಹಿಂದಿರುಗಿಸಿದೆ, ಆದರೆ ಮೆಮೊರಿ ಹಂಚುವ ಗ್ಲಿಬ್‌ಸಿ ಲೈಬ್ರರಿ ಅದನ್ನು ಕರ್ನೆಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಒಪ್ಪಿಸಿಲ್ಲ, ಏಕೆಂದರೆ ನಡುನಡುವೆ ಒಂದೊಂದು ತುಣುಕು ಇನ್ನೂ ಬಳಕೆಯಲ್ಲಿದೆ. ಬಸ್ಸಿನಲ್ಲಿ ಹತ್ತು ಸೀಟು ಖಾಲಿ, ಆದರೆ ಮೂವರು ಒಟ್ಟಿಗೆ ಕೂರಲು ಜಾಗವಿಲ್ಲ ಎಂಬ ಸ್ಥಿತಿ. ಥ್ರೆಡ್‌ಗಳು ಹೆಚ್ಚಾದಷ್ಟೂ ಇದು ಹೆಚ್ಚು: 64 ಬಿಟ್ ಯಂತ್ರದಲ್ಲಿ ಗ್ಲಿಬ್‌ಸಿ ತಾನಾಗಿಯೇ ಕೋರ್‌ಗಳ ಸಂಖ್ಯೆಯ 8 ಪಟ್ಟು ಅರೀನಾಗಳವರೆಗೆ (ಮೆಮೊರಿ ಹಂಚಲು ಇಟ್ಟುಕೊಳ್ಳುವ ಪ್ರತ್ಯೇಕ ಕಣಜಗಳು) ತೆರೆಯಬಲ್ಲದು. 16 ಕೋರ್‌ಗೆ 128 ಅರೀನಾ; ಪ್ರತಿಯೊಂದರಲ್ಲಿಯೂ ಒಂದಿಷ್ಟು ಖಾಲಿ ಸೀಟು.

ಎರಡನೆಯ ಬಗೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಮ್ಮೆ ನಾನು ನೋಡಿಕೊಳ್ಳುತ್ತಿದ್ದ ಸೇವೆಯೊಂದು ನಾಲ್ಕೈದು ದಿನಕ್ಕೊಮ್ಮೆ ಮೆಮೊರಿ ಮುಗಿದು ಸಾಯುತ್ತಿತ್ತು. ವ್ಯಾಲ್‌ಗ್ರಿಂಡ್ ಕೆಳಗೆ ಒಂದು ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ಬಂದ ವರದಿಯ ಸಾರಾಂಶ: ಹೀಪ್‌ನ (ಪ್ರೋಗ್ರಾಂ ಕೇಳಿ ಪಡೆಯುವ ಮೆಮೊರಿಯ) ಎಲ್ಲ ತುಂಡುಗಳೂ ಬಿಡುಗಡೆಯಾಗಿವೆ, ಲೀಕ್ ಸಾಧ್ಯವೇ ಇಲ್ಲ. ವರದಿ ಸುಳ್ಳಲ್ಲ. ದೋಷದ ದಾರಿಯಲ್ಲಿ, ಅಂದರೆ ಏನಾದರೂ ತಪ್ಪಾದಾಗ ಓಡುವ ಕೋಡ್‌ನಲ್ಲಿ, ಸೆಷನ್‌ಗಳು ಮ್ಯಾಪ್‌ನಲ್ಲೇ ಉಳಿಯುತ್ತಿದ್ದವು. ನಾನು ಸೇವೆಯನ್ನು ಮರ್ಯಾದೆಯಿಂದ ನಿಲ್ಲಿಸಿದಾಗ ಮ್ಯಾಪ್‌ನ ಡಿಸ್ಟ್ರಕ್ಟರ್ (ಕೊನೆಯಲ್ಲಿ ತಾನಾಗಿ ಓಡಿ ಎಲ್ಲವನ್ನೂ ಬಿಡುಗಡೆ ಮಾಡುವ ಕೋಡ್) ಬಂದು ಅಟ್ಟವನ್ನೆಲ್ಲ ಗುಡಿಸಿ ಹೋಗುತ್ತಿತ್ತು. ನಿಂತ ಮೇಲೆ ನೋಡುವ ಸಾಧನಕ್ಕೆ ಕಂಡದ್ದು ಗುಡಿಸಿದ ಅಟ್ಟ. ಆ ಒಂದು ವರದಿಯನ್ನು ನಂಬಿ ನಾನು ಎರಡು ವಾರ ತಪ್ಪು ಕಡೆ ಹುಡುಕಿದೆ.

ಸಾಧನಕ್ಕೆ ಕೈ ಹಾಕುವ ಮೊದಲು

ಯಾವ ಬಗೆಯ ಹೂಳು ಎಂದು ಅಂದಾಜಿಸಲು ಖರ್ಚಿಲ್ಲದ ಮೂರು ಪರೀಕ್ಷೆಗಳಿವೆ. ಇವುಗಳನ್ನು ಮಾಡದೆ ಮುಂದಿನ ಭಾಗ ಓದಿ ಪ್ರಯೋಜನವಿಲ್ಲ.

ಮೊದಲು ಪ್ರೋಗ್ರಾಂನ ವಾಸ್ತವ ಮೆಮೊರಿಯನ್ನು, ಅಂದರೆ ಪ್ರೊಕ್ ಫೈಲ್‌ಗಳಲ್ಲಿ ‘ವಿಎಂ ಆರ್‌ಎಸ್‌ಎಸ್’ ಎಂದು ಬರುವ ಅಂಕಿಯನ್ನು, ನಿಮಿಷಕ್ಕೊಮ್ಮೆ ಬರೆದಿಟ್ಟು ಗ್ರಾಫ್ ಎಳೆಯಿರಿ. ಏರಿ ಮಟ್ಟಸವಾಗಿ ನಿಂತರೆ ಅದು ಲೀಕಲ್ಲ; ಕ್ಯಾಶ್ ತುಂಬಿಕೊಳ್ಳುವ ತನಕದ ಏರಿಕೆ. ನಿಲ್ಲದೆ ಓರೆಗೆರೆಯಾಗಿ ಏರುತ್ತಿದ್ದರೆ ಮಾತ್ರ ಚಿಂತಿಸಿ.

ಎರಡನೆಯದಾಗಿ, ಪರೀಕ್ಷಾ ಯಂತ್ರದಲ್ಲಿ ಗೊತ್ತಾದ ಹೊರೆ ಹಾಕಿ. ಒಂದು ಲಕ್ಷ ವಿನಂತಿ ಕಳುಹಿಸಿದಾಗ 9.6 ಎಂಬಿ ಏರಿತು ಎಂದುಕೊಳ್ಳೋಣ. ಒಂದು ವಿನಂತಿಗೆ 96 ಬೈಟ್. ಈ ಅಂಕಿ ಚಿನ್ನ. ನಿಮ್ಮ ಕೋಡ್‌ನಲ್ಲಿ 96 ಬೈಟ್ ಅಳತೆಯ ಸ್ಟ್ರಕ್ಟ್ ಯಾವುದಿದೆ ಎಂದು ನೋಡಿದರೆ ಕೆಲವೊಮ್ಮೆ ಯಾವ ಸಾಧನವೂ ಬೇಕಾಗುವುದಿಲ್ಲ. ಹೊರೆಯಲ್ಲಿ ತಪ್ಪು ವಿನಂತಿಗಳೂ ಇರಲಿ, ಉತ್ತರ ಕೊಡದ ಸರ್ವರ್ ಕೂಡ ಇರಲಿ. 2012ರ ಅಕ್ಟೋಬರ್ 22ರಂದು ಅಮೆರಿಕದ ಪೂರ್ವ ಭಾಗದಲ್ಲಿ ಅಮೆಜಾನ್‌ನ ಕ್ಲೌಡ್ ಸೇವೆಗಳು ತತ್ತರಿಸಿದ್ದು ಇಂಥ ದಾರಿಯಲ್ಲಿಯೇ: ಬದಲಾಯಿಸಲಾಗಿದ್ದ ಒಂದು ಸರ್ವರ್ ಅನ್ನು ತಲುಪಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದ ವರದಿಗಾರ ಪ್ರೋಗ್ರಾಂ ಪ್ರತಿ ಪ್ರಯತ್ನಕ್ಕೂ ಇಷ್ಟಿಷ್ಟು ಮೆಮೊರಿ ನುಂಗಿತು. ಎಲ್ಲವೂ ಸರಿಯಿದ್ದಾಗ ಓಡುವ ದಾರಿಯನ್ನು ಎಲ್ಲರೂ ಪರೀಕ್ಷಿಸಿರುತ್ತಾರೆ. ಹೂಳು ಬರುವುದು ಇನ್ನೊಂದು ಹಳ್ಳದಿಂದ.

ಮೂರನೆಯದಾಗಿ, ಅದೇ ಪರೀಕ್ಷಾ ಯಂತ್ರದಲ್ಲಿ ಜಿಡಿಬಿ ಎಂಬ ಡಿಬಗರ್‌ನಿಂದ ಪ್ರೋಗ್ರಾಂಗೆ ಅಂಟಿಕೊಂಡು ‘ಮ್ಯಾಲಕ್ ಟ್ರಿಮ್’ ಫಂಕ್ಷನ್ ಅನ್ನು ಒಮ್ಮೆ ಕರೆಯಿರಿ. ವಾಸ್ತವ ಮೆಮೊರಿ ದಡಕ್ಕನೆ ಇಳಿದರೆ ನಿಮ್ಮದು ಮೂರನೆಯ ಬಗೆ. ಅರೀನಾಗಳ ಸಂಖ್ಯೆಗೆ ಪರಿಸರ ಚರಾಂಶದಲ್ಲಿ (ಎನ್ವಿರಾನ್ಮೆಂಟ್ ವೇರಿಯಬಲ್) ಮಿತಿ ಹಾಕಿ ನೋಡಿ, ಅಥವಾ ಮೆಮೊರಿ ಹಂಚುವ ಇನ್ನೊಂದು ಲೈಬ್ರರಿಯಾದ ಜೆಇಮ್ಯಾಲಕ್‌ಗೆ ಬದಲಿಸಿ ನೋಡಿ. ಇಳಿಯದಿದ್ದರೆ ಮುಂದೆ ಓದಿ.

ಯಾವುದರಿಂದ ಅಳೆಯುವುದು

ಕೆಳಗಿನ ಸಾಧನಗಳೆಲ್ಲ ಉಚಿತ, ಮುಕ್ತ ತಂತ್ರಾಂಶ. ಆದ್ದರಿಂದ ಬಜೆಟ್ ಎಂದರೆ ಇಲ್ಲಿ ರೂಪಾಯಿ ಅಲ್ಲ. ನಿಮ್ಮ ಯಂತ್ರದ ಮೆಮೊರಿ ಮತ್ತು ನಿಮ್ಮ ದಿನಗಳು. ನಾನು ನೋಡುವುದು ಇವಿಷ್ಟು: ಮೂರು ಬಗೆಯ ಹೂಳಿನಲ್ಲಿ ಯಾವುದು ಅದರ ಕಣ್ಣಿಗೆ ಬೀಳುತ್ತದೆ, ಪ್ರೋಗ್ರಾಂ ಎಷ್ಟು ನಿಧಾನವಾಗುತ್ತದೆ, ಎಷ್ಟು ದಪ್ಪಗಾಗುತ್ತದೆ, ಮತ್ತೆ ಕಂಪೈಲ್ ಮಾಡಬೇಕೇ, ಕೊನೇ ಪಕ್ಷ ನಿಲ್ಲಿಸಿ ಶುರು ಮಾಡಬೇಕೇ, ವರದಿ ಓಡುತ್ತಿರುವಾಗ ಸಿಗುತ್ತದೆಯೋ ನಿಂತ ಮೇಲೆಯೋ, ರೂಟ್ ಅನುಮತಿ, ಅಂದರೆ ಯಂತ್ರದ ಪೂರ್ಣಾಧಿಕಾರ, ಬೇಕೇ. ಕೊನೆಯದು ಸಣ್ಣ ವಿಷಯ ಎನಿಸಬಹುದು. ದೊಡ್ಡ ಕಂಪನಿಯಲ್ಲಿ ಪ್ರೊಡಕ್ಷನ್ (ನಿಜವಾದ ಬಳಕೆದಾರರು ಬರುವ) ಸರ್ವರ್‌ನ ರೂಟ್ ಅನುಮತಿ ಕೇಳಿ ನೋಡಿ, ಆಮೇಲೆ ಹೇಳಿ.

ವ್ಯಾಲ್‌ಗ್ರಿಂಡ್

2002ರಿಂದ ಇರುವ ಹಿರಿಯ. ಹೆಸರು ನಾರ್ಸ್ ಪುರಾಣದಲ್ಲಿ ವಲ್ಹಲ್ಲಾದ ಹೆಬ್ಬಾಗಿಲಿನದು. ನಮ್ಮ ಕಚೇರಿಗಳಲ್ಲಿ ಎಲ್ಲರೂ ‘ವ್ಯಾಲ್‌ಗ್ರೈಂಡ್’ ಎನ್ನುತ್ತಾರೆ. ಕಟ್ಟಿದವರು ಹೇಳುವುದು ‘ಗ್ರಿಂಡ್’ ಎಂದು ಹ್ರಸ್ವವಾಗಿ. ಇಂಗ್ಲಿಷ್ ಕಾಗುಣಿತದಲ್ಲಿ ಮುಚ್ಚಿಹೋಗುವ ಈ ಜಗಳವನ್ನು ಕನ್ನಡ ಲಿಪಿ ಒಂದೇ ಗುಣಿತದಲ್ಲಿ ಬಗೆಹರಿಸುತ್ತದೆ.

ಇದು ನಿಮ್ಮ ಪ್ರೋಗ್ರಾಂ ಅನ್ನು ನೇರವಾಗಿ ಸಿಪಿಯು ಮೇಲೆ ಬಿಡದೆ, ತಾನೇ ಕಲ್ಪಿಸಿದ ಸಿಪಿಯು ಮೇಲೆ ಓಡಿಸುತ್ತದೆ. ಇದರ ದೊಡ್ಡ ಲಾಭ: ಮತ್ತೆ ಕಂಪೈಲ್ ಮಾಡಬೇಕಿಲ್ಲ. ಸಾಲಿನ ಸಂಖ್ಯೆ ಬೇಕಿದ್ದರೆ ಡಿಬಗ್ ಮಾಹಿತಿ ಇರಬೇಕು, ಅಷ್ಟೆ. ಮೂಲ ಕೋಡ್ ಇಲ್ಲದ ಲೈಬ್ರರಿಯೊಳಗಿನ ಲೀಕ್ ಕೂಡ ಕಾಣುತ್ತದೆ. ನಷ್ಟವೂ ಅಲ್ಲಿಂದಲೇ: ಕೈಪಿಡಿಯೇ ಹೇಳುವಂತೆ 20ರಿಂದ 30 ಪಟ್ಟು ನಿಧಾನ. ಅರ್ಧ ನಿಮಿಷದಲ್ಲಿ ಏಳುವ ಸೇವೆ ಏಳಲು 10ರಿಂದ 15 ನಿಮಿಷ. ಥ್ರೆಡ್‌ಗಳು ಎಷ್ಟೇ ಇರಲಿ, ಒಂದು ಹೊತ್ತಿಗೆ ಒಂದೇ ಓಡುತ್ತದೆ. ಎಂಟು ಕೋರ್ ಇದ್ದರೂ ಕೆಲಸಕ್ಕೆ ಬರುವುದು ಒಂದು. ಟೈಮ್‌ಔಟ್‌ಗಳನ್ನು ನಂಬಿಕೊಂಡಿರುವ ಸೇವೆ ಇದರ ಕೆಳಗೆ ಓಡುವುದೇ ಅನುಮಾನ.

ವರದಿಯನ್ನು ಓದಲು ಕಲಿಯಬೇಕು. ‘ಡೆಫಿನಿಟ್ಲಿ ಲಾಸ್ಟ್’ ಎಂದರೆ ಅನಾಥ. ಮೊದಲು ಇದನ್ನು ಸರಿಪಡಿಸಿ. ‘ಇಂಡೈರೆಕ್ಟ್ಲಿ ಲಾಸ್ಟ್’ ಅನಾಥನ ಮಕ್ಕಳು. ತಂದೆಯನ್ನು ಬಿಡುಗಡೆ ಮಾಡಿದರೆ ಸಾಮಾನ್ಯವಾಗಿ ಅವೂ ಹೋಗುತ್ತವೆ, ಆದ್ದರಿಂದ ಪ್ರತ್ಯೇಕವಾಗಿ ಬೆನ್ನು ಹತ್ತಬೇಡಿ. ‘ಪಾಸಿಬ್ಲಿ ಲಾಸ್ಟ್’ ಎಂದರೆ ತುಂಡಿನ ತಲೆಗಲ್ಲ, ನಡುವಿಗೆ ತೋರಿಸುವ ಪಾಯಿಂಟರ್ ಮಾತ್ರ ಸಿಕ್ಕಿದೆ. ‘ಸ್ಟಿಲ್ ರೀಚಬಲ್’ ಎಂಬುದು ನಮ್ಮ ಅಟ್ಟ. ಪೂರ್ವನಿಯೋಜಿತ ವರದಿಯಲ್ಲಿ ಇದರ ಮೊತ್ತ ಮಾತ್ರ ಬರುತ್ತದೆ, ವಿವರ ಬೇಕಿದ್ದರೆ ಎಲ್ಲ ಬಗೆಗಳನ್ನೂ ತೋರಿಸು ಎಂದು ಕೇಳಬೇಕು.

ಹೆಚ್ಚಿನವರಿಗೆ ತಿಳಿಯದ ಒಂದು ಉಪಾಯವೂ ಇದೆ. ವ್ಯಾಲ್‌ಗ್ರಿಂಡ್ ಜೊತೆಗೇ ಬರುವ ‘ವಿಜಿಡಿಬಿ’ ಎಂಬ ಕಮಾಂಡ್‌ನಿಂದ ಓಡುತ್ತಿರುವಾಗಲೇ ಲೀಕ್ ಪರೀಕ್ಷೆ ಮಾಡಿಸಬಹುದು. ಕಳೆದ ಪರೀಕ್ಷೆಯಿಂದ ಈಚೆಗೆ ಏರಿದ್ದನ್ನು ಮಾತ್ರ ತೋರಿಸು ಎನ್ನಬಹುದು, ಅದರಲ್ಲಿ ಅಟ್ಟದ್ದನ್ನೂ ಸೇರಿಸು ಎನ್ನಬಹುದು. ನನಗೆ ಆ ಎರಡು ವಾರಗಳಲ್ಲಿ ಇದು ಗೊತ್ತಿದ್ದಿದ್ದರೆ ಗುಡಿಸುವ ಮುನ್ನವೇ ಅಟ್ಟ ಹತ್ತಿ ನೋಡುತ್ತಿದ್ದೆ.

ಅಡ್ರೆಸ್ ಸ್ಯಾನಿಟೈಸರ್, ಅದರೊಳಗಿನ ಲೀಕ್ ಸ್ಯಾನಿಟೈಸರ್

ಇದು ಗೂಗಲ್‌ನಲ್ಲಿ ಹುಟ್ಟಿ ಕ್ಲಾಂಗ್, ಜಿಸಿಸಿ ಎಂಬ ಕಂಪೈಲರ್‌ಗಳೆರಡರಲ್ಲಿಯೂ ಸೇರಿಹೋದದ್ದು. ಕಂಪೈಲ್ ಮಾಡುವಾಗಲೇ ಒಂದು ಆಯ್ಕೆ ಕೊಟ್ಟರೆ ಪ್ರೋಗ್ರಾಂ ಒಳಗೇ ಕಾವಲು ಕೂರುತ್ತದೆ. 2012ರ ಯುಸೆನಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಅದನ್ನು ಕಟ್ಟಿದವರು ಕೊಟ್ಟ ಸರಾಸರಿ: ಶೇ 73ರಷ್ಟು ನಿಧಾನ, ಮೆಮೊರಿ 3.4 ಪಟ್ಟು. 30 ಪಟ್ಟು ನಿಧಾನದ ಪಕ್ಕದಲ್ಲಿಟ್ಟರೆ ಇದು ಹಬ್ಬ. ಆದರೆ ಎರಡನೆಯ ಅಂಕಿಯನ್ನು ಮರೆಯಬೇಡಿ: 2 ಜಿಬಿ ತಿನ್ನುವ ಪ್ರೋಗ್ರಾಂ ಈಗ 7 ಜಿಬಿ ಹತ್ತಿರ ಹೋಗುತ್ತದೆ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಮುಚ್ಚಬೇಕಾಗುತ್ತದೆ.

ಲೀಕ್ ಮಾತ್ರ ಬೇಕಿದ್ದರೆ ಲೀಕ್ ಸ್ಯಾನಿಟೈಸರ್ ಅನ್ನು ಪ್ರತ್ಯೇಕವಾಗಿ ಹಾಕಬಹುದು. ಪ್ರೋಗ್ರಾಂ ಮುಗಿಯುವ ತನಕ ಅದರ ಭಾರ ಇಲ್ಲವೆನ್ನುವಷ್ಟು ಕಡಿಮೆ. ಕೊನೆಯಲ್ಲಿ ಒಮ್ಮೆ ಎಲ್ಲ ಪಾಯಿಂಟರ್‌ಗಳ ದಾರಿ ಹಿಡಿದು ಹೋಗಿ, ಯಾರೂ ತಲುಪಲಾಗದ ತುಂಡುಗಳನ್ನು ಪಟ್ಟಿ ಮಾಡುತ್ತದೆ. ಅಂದರೆ ಅದು ಹೇಳುವುದು ಅನಾಥರ ಲೆಕ್ಕ ಮಾತ್ರ. ಅಟ್ಟದ ಬಗ್ಗೆ ಅದಕ್ಕೆ ಮಾತೇ ಇಲ್ಲ. ಈ ವಿಷಯದಲ್ಲಿ ಅದು ವ್ಯಾಲ್‌ಗ್ರಿಂಡ್‌ಗಿಂತಲೂ ಕಡಿಮೆ.

ಎಡವುವ ಕಡೆಗಳು ಎರಡು. ಪ್ರೋಗ್ರಾಂ ಸರಿಯಾಗಿ ನಿಲ್ಲಬೇಕು: ನಿಲ್ಲು ಎಂಬ ಸಿಗ್ನಲ್ ಬಂದೊಡನೆ ಸಾಯುವ ಸೇವೆಯಾದರೆ ವರದಿಯೂ ಅದರೊಡನೆ ಸಾಯುತ್ತದೆ. ಸಿಗ್ನಲ್ ಹಿಡಿದು ಮರ್ಯಾದೆಯಿಂದ ಮುಗಿಸುವ ಕೋಡ್ ಬರೆಯಿರಿ, ಇಲ್ಲವೇ ನಡುವೆ ಪರೀಕ್ಷೆ ಮಾಡಿಸುವ ಫಂಕ್ಷನ್ ಅನ್ನು ನೀವೇ ಕರೆಯಿರಿ. ಇನ್ನೊಂದು, ಜಿಡಿಬಿ ಅಥವಾ ಎಸ್‌ಟ್ರೇಸ್ ಕೆಳಗೆ ಲೀಕ್ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ. ಕಂಟೇನರ್‌ಗಳ ಬಿಗಿ ಅನುಮತಿಗಳೂ ಕೆಲವೊಮ್ಮೆ ಅದನ್ನು ತಡೆಯುತ್ತವೆ. ಅಡ್ರೆಸ್ ಸ್ಯಾನಿಟೈಸರ್ ಇಡಿಯಾಗಿ ಹಾಕಿದವರು ಟಾಪ್ ಕಮಾಂಡ್‌ನಲ್ಲಿ ವರ್ಚುವಲ್ ಮೆಮೊರಿ 16 ಟೆರಾಬೈಟ್ ದಾಟಿದ್ದು ನೋಡಿ ಗಾಬರಿಯಾಗುತ್ತಾರೆ. ಅದು ಕಾಗದದ ಮೇಲಿನ ಜಮೀನು, ಉಳುಮೆಯದಲ್ಲ.

ಇದರ ನಿಜವಾದ ಜಾಗ ಪ್ರತಿದಿನದ ಸ್ವಯಂಚಾಲಿತ ಪರೀಕ್ಷೆಗಳು. ಪರೀಕ್ಷೆಗಳು ಚಿಕ್ಕವು, ತಾವಾಗಿ ಮುಗಿಯುತ್ತವೆ, ಲೀಕ್ ಕಂಡರೆ ಬಿಲ್ಡ್ ನಿಲ್ಲುತ್ತದೆ. ನನ್ನ ತಂಡಕ್ಕೆ ಒಂದೇ ಒಂದು ಸಾಧನ ಆರಿಸು ಎಂದರೆ ನಾನು ಆರಿಸುವುದು ಇದನ್ನು. ಅಟ್ಟ ಕಾಣದಿದ್ದರೂ ಪರವಾಗಿಲ್ಲ, ಅನಾಥರು ಒಳಗೆ ಬರುವುದಾದರೂ ನಿಲ್ಲುತ್ತದೆ.

ಹೀಪ್‌ಟ್ರ್ಯಾಕ್

ಕೆಡಿಇ ಬಳಗದಿಂದ ಬಂದದ್ದು, 2014ರಲ್ಲಿ ಹೊರಬಿದ್ದದ್ದು. ಮೇಲಿನ ಎರಡೂ ಸಾಧನಗಳು ಯಾರು ಅನಾಥ ಎಂದು ಕೇಳುತ್ತವೆ. ಇದು ಕೇಳುವುದು ಬೇರೆ ಪ್ರಶ್ನೆ: ಯಾರು, ಎಲ್ಲಿಂದ, ಎಷ್ಟು ಜಾಗ ಕೇಳಿದರು, ಎಷ್ಟನ್ನು ಹಿಂದಿರುಗಿಸಿದರು? ಪ್ರತಿ ಮ್ಯಾಲಕ್ ಕರೆಯನ್ನೂ (ಮೆಮೊರಿ ಕೇಳುವ ಕರೆ) ಅದು ಬಂದ ಫಂಕ್ಷನ್‌ಗಳ ಸರಣಿಯೊಂದಿಗೆ ಬರೆದಿಟ್ಟುಕೊಳ್ಳುತ್ತದೆ. ಸಂತೆಯ ಲೆಕ್ಕದ ಪುಸ್ತಕದ ಹಾಗೆ. ಆದ್ದರಿಂದ ಅಟ್ಟ ಇದರ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ.

ಮತ್ತೆ ಕಂಪೈಲ್ ಬೇಕಿಲ್ಲ. ಪ್ರೋಗ್ರಾಂ ಹೆಸರಿನ ಮುಂದೆ ಇದರ ಹೆಸರು ಸೇರಿಸಿ ಓಡಿಸಿದರೆ ಆಯಿತು. ನಿಧಾನವಾಗುತ್ತದೆ, ಆದರೆ ವ್ಯಾಲ್‌ಗ್ರಿಂಡ್‌ನಷ್ಟಲ್ಲ, ಮತ್ತು ಥ್ರೆಡ್‌ಗಳು ಒಟ್ಟಿಗೆ ಓಡುತ್ತವೆ. ನನ್ನ ಮ್ಯಾಪ್ ಸಿಕ್ಕಿದ್ದು ಕೊನೆಗೆ ಇಲ್ಲಿಯೇ. ಕಾಲಕ್ಕೆ ತಕ್ಕಂತೆ ಬಳಕೆಯಾದ ಮೆಮೊರಿಯ ಚಿತ್ರದಲ್ಲಿ ಉಳಿದ ಬಣ್ಣಗಳೆಲ್ಲ ಏರಿಳಿಯುತ್ತಿದ್ದವು. ಒಂದು ಪಟ್ಟಿ ಮಾತ್ರ ಇಳಿಯುವ ಮಾತೇ ಇಲ್ಲದೆ ಅಗಲವಾಗುತ್ತ ಹೋಗಿತ್ತು. ಅದರ ಮೇಲೆ ಮೌಸ್ ಇಟ್ಟರೆ ಫಂಕ್ಷನ್‌ನ ಹೆಸರು. ಎರಡು ವಾರದ ಹುಡುಕಾಟ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ನನಗೆ ಈ ಸಾಧನದ ಮೇಲೆ ಪಕ್ಷಪಾತ ಇರುವುದು ನಿಜ. ಓದುವಾಗ ಸ್ವಲ್ಪ ಕಳೆದು ಓದಿ.

ಕಳೆಯಬೇಕಾದದ್ದು ಇವು. ಗಂಟೆಗಟ್ಟಲೆ ಓಡಿಸಿದರೆ ಲೆಕ್ಕದ ಪುಸ್ತಕ, ಒತ್ತಿ ಚಿಕ್ಕದಾಗಿಸಿದ ಮೇಲೂ, ಬಹಳ ದೊಡ್ಡದಾಗುತ್ತದೆ, ಡಿಸ್ಕ್ ನೋಡಿಕೊಳ್ಳಿ. ‘ಲೀಕ್ಡ್’ ಎಂದು ಅದು ಬರೆಯುವುದು ಕೊನೆಯವರೆಗೆ ಹಿಂದಿರುಗದ ಎಲ್ಲವನ್ನೂ. ಅದರಲ್ಲಿ ಬೇಕೆಂದೇ ಇಟ್ಟುಕೊಂಡದ್ದೂ ಸೇರಿರುತ್ತದೆ, ಬೇರ್ಪಡಿಸುವ ಕೆಲಸ ನಿಮ್ಮದು. ಓಡುತ್ತಿರುವ ಪ್ರೋಗ್ರಾಂಗೆ ಅಂಟಿಸುವ ಆಯ್ಕೆಯೂ ಇದೆ. ಆದರೆ ಹಾಗೆ ಮಾಡಿದರೆ ಪ್ರೋಗ್ರಾಂ ಬೀಳಬಹುದು, ಅದರಲ್ಲೂ ಬಿಡಿಸಿಕೊಂಡ ಮೇಲೆ, ಎಂದು ಸಾಧನವೇ ಎಚ್ಚರಿಸುತ್ತದೆ. ಪ್ರೊಡಕ್ಷನ್‌ನಲ್ಲಿ ಆ ಸಾಹಸ ಬೇಡ.

ಇದೇ ಕೆಲಸಕ್ಕೆ ವ್ಯಾಲ್‌ಗ್ರಿಂಡ್ ಮನೆಯಲ್ಲಿ ಮ್ಯಾಸಿಫ್ ಎಂಬುದಿದೆ. ಹೀಪ್‌ಟ್ರ್ಯಾಕ್ ಓಡದ ಜಾಗದಲ್ಲಿ ಬಳಸಿ, ಉಳಿದಂತೆ ಅದರ ನಿಧಾನ ಸಹಿಸುವ ಕಾರಣವಿಲ್ಲ.

ಜೆಇಮ್ಯಾಲಕ್ ಪ್ರೊಫೈಲಿಂಗ್

ಹೂಳು ನಿಮ್ಮ ಮೇಜಿನ ಮೇಲೆ ಕಾಣುವುದೇ ಇಲ್ಲ, ಪ್ರೊಡಕ್ಷನ್‌ನಲ್ಲಿ ಮಾತ್ರ ಎಂದಾದರೆ ಮೇಲಿನ ಮೂರೂ ಉಪಯೋಗಕ್ಕೆ ಬರುವುದಿಲ್ಲ. ಜೆಇಮ್ಯಾಲಕ್ ಮೂಲತಃ ಗ್ಲಿಬ್‌ಸಿಯ ಮ್ಯಾಲಕ್‌ಗೆ ಬದಲಿ. ಫ್ರೀಬಿಎಸ್‌ಡಿಗಾಗಿ ಹುಟ್ಟಿ ಫೇಸ್‌ಬುಕ್‌ನ ಸರ್ವರ್‌ಗಳಲ್ಲಿ ಬೆಳೆದದ್ದು. ಇದರಲ್ಲಿ ಪ್ರತಿ ಕರೆಯನ್ನೂ ಬರೆಯದೆ, ಸರಾಸರಿ 512 ಕಿಲೋಬೈಟ್ ಹಂಚಿಕೆಗೆ ಒಂದರಂತೆ ಮಾದರಿ ತೆಗೆಯುವ ಪ್ರೊಫೈಲರ್ ಇದೆ. ಅನ್ನ ಬೆಂದಿದೆಯೇ ಎಂದು ನೋಡಲು ಅಗುಳನ್ನೆಲ್ಲ ಹಿಸುಕುವುದಿಲ್ಲವಲ್ಲ.

ನಮ್ಮ 96 ಬೈಟ್ ಲೆಕ್ಕಕ್ಕೆ ಬನ್ನಿ. 512 ಕಿಲೋಬೈಟ್ ಅನ್ನು 96ರಿಂದ ಭಾಗಿಸಿದರೆ ಸುಮಾರು 5,460. ಅಷ್ಟು ವಿನಂತಿಗಳಿಗೆ ಒಂದು ಲೀಕ್ ಮಾದರಿಯಲ್ಲಿ ಸಿಗುತ್ತದೆ. ದಿನಕ್ಕೆ ಕೋಟಿ ವಿನಂತಿ ಬರುವ ಸರ್ವರ್‌ನಲ್ಲಿ ಸಾವಿರಾರು ಮಾದರಿ. ಹೆಸರು ಸ್ಪಷ್ಟವಾಗಿ ಮೇಲೆ ಬರುತ್ತದೆ. ದಿನಕ್ಕೆ ಸಾವಿರ ವಿನಂತಿಯ ಸಣ್ಣ ಸೇವೆಯಲ್ಲಿ ವಾರ ಕಾದರೂ ಒಂದೋ ಎರಡೋ. ಮಾದರಿಯ ಅಂತರವನ್ನು ಕಡಿಮೆ ಮಾಡಬಹುದು, ಭಾರ ಅಷ್ಟು ಹೆಚ್ಚುತ್ತದೆ.

ಬಳಸುವ ಕ್ರಮ: ಬೆಳಗ್ಗೆ ಒಂದು ಚಿತ್ರ, ಸಂಜೆ ಒಂದು ಚಿತ್ರ, ಎರಡರ ವ್ಯತ್ಯಾಸ. ಜೆಇಪ್ರೊಫ್ ಎಂಬ ಕಮಾಂಡ್‌ಗೆ ಬೆಳಗಿನದನ್ನು ತಳಹದಿ ಎಂದು ಕೊಟ್ಟರೆ ಕಳೆದು ತೋರಿಸುತ್ತದೆ. ಇದರ ಮತ್ತೊಂದು ಗುಣ, ಪ್ರೋಗ್ರಾಂ ಕೇಳಿದ್ದೆಷ್ಟು, ವಾಸ್ತವದಲ್ಲಿ ಹಿಡಿದಿರುವುದೆಷ್ಟು ಎಂಬ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಕೊಡುತ್ತದೆ. ಎರಡರ ಅಂತರ ಬೆಳೆಯುತ್ತಿದ್ದರೆ ಚೂರಾದ ಮೆಮೊರಿ, ಮೊದಲನೆಯದೇ ಬೆಳೆಯುತ್ತಿದ್ದರೆ ನಿಜವಾದ ಹೂಳು. ಅನಾಥ ಯಾವುದು ಅಟ್ಟದ್ದು ಯಾವುದು ಎಂದು ಮಾತ್ರ ಹೇಳುವುದಿಲ್ಲ. ಬೆಲೆ: ಒಮ್ಮೆ ನಿಲ್ಲಿಸಿ ಶುರು ಮಾಡಬೇಕು, ಪ್ರೊಫೈಲಿಂಗ್ ಸೇರಿಸಿ ಕಟ್ಟಿದ ಪ್ರತಿಯೇ ಇರಬೇಕು. ಸಿಕ್ಕ ಪ್ಯಾಕೇಜ್ ಹಾಕಿ, ವರದಿ ಬರಲಿಲ್ಲ ಎಂದು ಒಂದು ದಿನ ಕಳೆಯಬೇಡಿ.

ಇಬಿಪಿಎಫ್‌ನ ಮೆಮ್‌ಲೀಕ್

ಸೇವೆಯನ್ನು ನಿಲ್ಲಿಸುವಂತೆಯೇ ಇಲ್ಲ, ನಿಲ್ಲಿಸಿದರೆ ಮತ್ತೆ ನಾಲ್ಕು ದಿನ ಕಾಯಬೇಕು. ಆಗ ಉಳಿಯುವುದು ಇದು. ಇಬಿಪಿಎಫ್ ಎಂದರೆ ಕರ್ನೆಲ್ ಒಳಗೆ ಪುಟ್ಟ ಪ್ರೋಗ್ರಾಂಗಳನ್ನು ಓಡಿಸುವ ಸೌಲಭ್ಯ. ಬಿಸಿಸಿ ಎಂಬ ಸಾಧನಗಳ ಗಂಟಿನಲ್ಲಿ ಬರುವ ಮೆಮ್‌ಲೀಕ್, ಓಡುತ್ತಿರುವ ಪ್ರೋಗ್ರಾಂನ ಮ್ಯಾಲಕ್, ಫ್ರೀ ಕರೆಗಳನ್ನು ಕರ್ನೆಲ್ ಕಡೆಯಿಂದ ಗಮನಿಸಿ, ಹಿಂದಿರುಗದೆ ಉಳಿದವುಗಳ ಮೊದಲ ಹತ್ತು ಮೂಲಗಳನ್ನು 5 ಸೆಕೆಂಡಿಗೊಮ್ಮೆ ಮುದ್ರಿಸುತ್ತದೆ. ಕಂಪೈಲ್ ಬೇಡ, ಮರುಪ್ರಾರಂಭ ಬೇಡ. ಕೇಳಿದಾಗ ಮಾಯೆಯಂತಿರುತ್ತದೆ.

ಬಳಸಿದಾಗ ಮೂರು ಮುಳ್ಳು. ರೂಟ್ ಬೇಕು. ಪ್ರತಿ ಮ್ಯಾಲಕ್‌ಗೂ ಕರ್ನೆಲ್‌ಗೆ ಹೋಗಿ ಬರಬೇಕಾದ್ದರಿಂದ ಸೆಕೆಂಡಿಗೆ ಲಕ್ಷಗಟ್ಟಲೆ ಮ್ಯಾಲಕ್ ಮಾಡುವ ಸೇವೆ ಒದ್ದಾಡುತ್ತದೆ. ಇಷ್ಟಕ್ಕೊಂದರಂತೆ ನೋಡು ಎಂಬ ಆಯ್ಕೆಯನ್ನು ಮೊದಲಿನಿಂದಲೇ ಹಾಕಿ. ಇನ್ನು, ನಿಮ್ಮ ಬೈನರಿ ಮತ್ತು ಲೈಬ್ರರಿಗಳು ಫ್ರೇಮ್ ಪಾಯಿಂಟರ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂದು ಹಿಂದಕ್ಕೆ ಹೋಗಿ ನೋಡಲು ಬೇಕಾದ ಗುರುತು) ಇಟ್ಟುಕೊಂಡು ಕಂಪೈಲ್ ಆಗಿರದಿದ್ದರೆ ಸರಣಿ ನಡುವೆಯೇ ಕಡಿದು, ‘ಯಾರೋ ಮ್ಯಾಲಕ್ ಕರೆದರು’ ಎಂಬಷ್ಟೇ ಉಳಿಯುತ್ತದೆ. ಫೆಡೋರಾ 38, ಉಬುಂಟು 24.04ರಿಂದ ಪ್ಯಾಕೇಜ್‌ಗಳನ್ನು ಫ್ರೇಮ್ ಪಾಯಿಂಟರ್ ಸಹಿತ ಕಟ್ಟುತ್ತಿದ್ದಾರೆ. ಹಳೆಯ ಸರ್ವರ್‌ನವರು ನಿರೀಕ್ಷೆ ಇಳಿಸಿಕೊಳ್ಳಿ.

ಪೂರ್ವನಿಯೋಜಿತವಾಗಿ ಇದು ಅರ್ಧ ಸೆಕೆಂಡಿಗಿಂತ ಹಳೆಯ ಹಂಚಿಕೆಗಳನ್ನೆಲ್ಲ ಅನುಮಾನಿಸುತ್ತದೆ. ಒಂದು ವಿನಂತಿ ಮುಗಿಯಲು ಎರಡು ಸೆಕೆಂಡ್ ಬೇಕಾದ ಸೇವೆಯಲ್ಲಿ ಅದು ಬರೀ ಗದ್ದಲ. ವಯಸ್ಸಿನ ಮಿತಿಯನ್ನು ಒಂದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ಏರಿಸಿದರೆ ನಿಜವಾದ ಹೂಳು ತಳದಲ್ಲಿ ಕಾಣುತ್ತದೆ.

ಯಾರಿಗೆ ಯಾವುದು

ಕಾಲೇಜಿನಲ್ಲಿ ಸಿ ಕಲಿಯುತ್ತಿದ್ದು, ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ವ್ಯಾಲ್‌ಗ್ರಿಂಡ್. ನಿಮ್ಮ ಪ್ರೋಗ್ರಾಂ ಚಿಕ್ಕದು, 30 ಪಟ್ಟು ನಿಧಾನವಾದರೂ ಚಹಾ ಮುಗಿಯುವುದರೊಳಗೆ ಮುಗಿಯುತ್ತದೆ. ಅದರ ನಾಲ್ಕು ವರ್ಗಗಳು ಪಾಯಿಂಟರ್ ಬಗ್ಗೆ ಕಲಿಸುವಷ್ಟನ್ನು ಬೇರೆ ಯಾವ ಸಾಧನವೂ ಕಲಿಸುವುದಿಲ್ಲ.

ತಂಡವಾಗಿ ಕೆಲಸ ಮಾಡುವವರು, ಪರೀಕ್ಷೆಗಳನ್ನು ಬರೆದಿರುವವರು ಇವತ್ತೇ ಸ್ಯಾನಿಟೈಸರ್ ಬಿಲ್ಡ್ ಒಂದನ್ನು ಸೇರಿಸಿ. ಹಳೆಯ ಕೋಡ್ ಆಗಿದ್ದರೆ ಮೊದಲ ದಿನ ನೂರಾರು ವರದಿ ಬಂದು ಎಲ್ಲರೂ ನಿಮ್ಮನ್ನು ಶಪಿಸುತ್ತಾರೆ. ಹಳೆಯವನ್ನು ವಿನಾಯಿತಿ ಪಟ್ಟಿಗೆ ಹಾಕಿ, ಹೊಸದನ್ನು ಮಾತ್ರ ತಡೆಯಿರಿ.

ಗ್ರಾಫ್ ಏರುತ್ತಿದೆ, ಆದರೆ ಮೇಲಿನ ಎರಡೂ ‘ಏನೂ ಇಲ್ಲ’ ಎನ್ನುತ್ತಿವೆ ಎಂದಾದರೆ ಅದು ಹೆಚ್ಚುಕಡಿಮೆ ಅಟ್ಟವೇ. ಮೇಜಿನ ಮೇಲೆ ಮರುಕಳಿಸಿದರೆ ಹೀಪ್‌ಟ್ರ್ಯಾಕ್, ಪ್ರೊಡಕ್ಷನ್‌ನಲ್ಲಿ ಮಾತ್ರ ಎಂದರೆ ಜೆಇಮ್ಯಾಲಕ್. ಮರುಪ್ರಾರಂಭಕ್ಕೆ ಅನುಮತಿ ಇಲ್ಲ, ರೂಟ್ ಇದೆ ಎಂದರೆ ಮೆಮ್‌ಲೀಕ್. ಅದೂ ಜನ ಕಡಿಮೆ ಇರುವ ಹೊತ್ತಿನಲ್ಲಿ ಹತ್ತು ನಿಮಿಷ.

ರೌಟರ್‌ನಂಥ ಪುಟ್ಟ ಸಾಧನಕ್ಕೆ ಕೋಡ್ ಬರೆಯುವವರಿಗೆ ಇವುಗಳಲ್ಲಿ ಒಂದೂ ಆ ಸಾಧನದೊಳಗೆ ಹಿಡಿಸಲಿಕ್ಕಿಲ್ಲ. ಹಾರ್ಡ್‌ವೇರ್ ಮುಟ್ಟುವ ಭಾಗವನ್ನು ಬೇರ್ಪಡಿಸಿ, ಉಳಿದದ್ದನ್ನು ಮಾಮೂಲಿ ಪಿಸಿಯಲ್ಲಿ ಕಟ್ಟಿ ವ್ಯಾಲ್‌ಗ್ರಿಂಡ್ ಕೆಳಗೆ ಓಡಿಸಿ. ಜಾವಾ, ಪೈಥಾನ್, ಗೋ ಬಳಸುವವರಿಗೆ ಅನಾಥ ಮೆಮೊರಿಯ ಕಾಟ ಬಹುಮಟ್ಟಿಗೆ ಇಲ್ಲ, ಗಾರ್ಬೇಜ್ ಕಲೆಕ್ಟರ್ ನೋಡಿಕೊಳ್ಳುತ್ತದೆ, ಅವರಿಗಿರುವುದು ಅಟ್ಟ. ಎಕ್ಲಿಪ್ಸ್ ಮ್ಯಾಟ್, ಟ್ರೇಸ್‌ಮ್ಯಾಲಕ್, ಪಿಪ್ರೊಫ್ ಕ್ರಮವಾಗಿ ಅವರ ಏಣಿಗಳು.

ಕೊನೆಗೆ, ಯಾವ ಮಾರ್ಗದರ್ಶಿಯೂ ಬಾಯಿಬಿಟ್ಟು ಹೇಳದ ಆಯ್ಕೆ: ರಾತ್ರಿ ಮೂರು ಗಂಟೆಗೆ ಸೇವೆಯನ್ನು ತಾನಾಗಿ ಮರುಪ್ರಾರಂಭಿಸುವುದು. ನಾಚಿಕೆಪಡುವ ಅಗತ್ಯವಿಲ್ಲ. ಇಷ್ಟು ಸಂಪರ್ಕಗಳಾದ ಮೇಲೆ ಮಗು ಪ್ರೊಸೆಸ್ ಅನ್ನು ಕೊಂದು ಹೊಸದನ್ನು ಎಬ್ಬಿಸುವ ಆಯ್ಕೆ ಅಪಾಚೆ ವೆಬ್ ಸರ್ವರ್‌ನಲ್ಲಿಯೇ ಇದೆ, ಲೀಕ್‌ನಿಂದ ರಕ್ಷಣೆಗೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಪಿಎಚ್‌ಪಿ-ಎಫ್‌ಪಿಎಂನಲ್ಲಿಯೂ ಇಂಥದ್ದೇ ಇದೆ. ಲೀಕ್ ನಿಮ್ಮದಲ್ಲದ ಲೈಬ್ರರಿಯಲ್ಲಿದ್ದು, ತಿಂಗಳಿಗೆ ನೂರು ಎಂಬಿ ಮಾತ್ರ ಏರುತ್ತಿದ್ದರೆ, ಅದನ್ನು ಬೆನ್ನಟ್ಟಿ ಎರಡು ವಾರ ಕಳೆಯುವುದಕ್ಕಿಂತ ಇದು ಅಗ್ಗ. ದಿನಕ್ಕೆ ಅಷ್ಟು ಏರುತ್ತಿದ್ದು ಏರಿಕೆಯ ವೇಗವೂ ಹೆಚ್ಚುತ್ತಿದ್ದರೆ ಮರುಪ್ರಾರಂಭವನ್ನು ಹಾಕಿಯೇ ಹುಡುಕಾಟ ಶುರು ಮಾಡಿ. ಆದರೆ ಒಂದು ಯಂತ್ರವನ್ನು ಮಾತ್ರ ಮರುಪ್ರಾರಂಭದ ಪಟ್ಟಿಯಿಂದ ಹೊರಗಿಡಿ. ನೋಡಲು ಹೂಳು ತುಂಬಿದ ಕೆರೆ ಒಂದಾದರೂ ಬೇಕಲ್ಲ.